ಎಡಗಡೆ ಬೆಂಕಿ, ಬಲಗಡೆ ಬೊಕೋ

ಶುಕ್ರವಾರದ ನಸುಕು. ಗಂಜಿ ಮಾರುವಾಕೆ ಇನ್ನೂ ಒಲೆ ಊದುತ್ತಿದ್ದಾಳೆ. ಬೇವಿನ ಮರದ ಕೆಳಗೆ ಮಾಮೆ ಫ್ರೆಮಾ ಕುಕ್ಕರಗಾಲಲ್ಲಿ ಕೂತು, ಈಗಷ್ಟೇ ಬಂದು ನಿಂತ ಕಾರಿನ ಚಕ್ರಕ್ಕೆ ಬೆರಳುಗಳ ಹಿಂಬದಿ ತಾಗಿಸಿ ನೋಡುತ್ತಿದ್ದಾರೆ, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ಪಕ್ಕದಲ್ಲಿ ಡ್ರೈವರ್ ಚಡಪಡಿಸುತ್ತಾ ನಿಂತಿದ್ದಾನೆ.

“ಮಾಮೆ, ಶುರು ಮಾಡಿ ಮತ್ತೆ. ಹೊತ್ತಾಯ್ತು.”

“ಇನ್ನೂ ಬಿಸಿ ಇದೆ. ಹೋಗಿ ಗಂಜಿ ಕುಡ್ಕೊಂಡ್ ಬಾ.”

“ಕುಡ್ದಾಯ್ತು.”

“ಇನ್ನೊಂದ್ ಲೋಟ ಕುಡಿ. ನಿನ್ ಹೊಟ್ಟೆ ನೋಡಿದ್ರೆ ಜಾಗ ಇದ್ದಂಗಿದೆ.”

ಗಂಜಿಯಾಕೆ ನಗುತ್ತಾಳೆ. ಡ್ರೈವರ್ ಗೊಣಗುತ್ತಾ ಅವಳ ಬೆಂಚಿನ ಕಡೆ ಹೊರಡುತ್ತಾನೆ. ಓಡಿ ಬಂದ ಚಕ್ರಕ್ಕೆ ಫ್ರೆಮಾ ತಣ್ಣೀರನ್ನೂ ಸೋಕಿಸುವುದಿಲ್ಲ. ಬ್ರೇಕಿನ ಬಿಸಿಗೆ ಸೋಪಿನ ನೀರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಣಗಿ ಕಲೆಯಾಗಿ ಕೂರುತ್ತದೆ, ಆಮೇಲೆ ಆ ಕಲೆ ತೆಗೆಯಲು ಇನ್ನೊಂದು ಯುದ್ಧ. ಅದಕ್ಕೇ ಅವರ ಬಾಯಲ್ಲಿ ಯಾವಾಗಲೂ ಒಂದೇ ಮಾತು, ‘ಬೊಕೋ’. ಮೆಲ್ಲಗೆ, ತಣ್ಣಗೆ, ನಿಧಾನ ಎಂಬ ಮೂರನ್ನೂ ಈ ಒಂದು ಪದವೇ ಹೇಳಿಬಿಡುತ್ತದೆ. ಈ ಕುಮಾಸಿ ಪಟ್ಟಣದ ಡ್ರೈವರುಗಳು ಅದನ್ನೇ ಅವರಿಗೆ ಅಡ್ಡಹೆಸರು ಮಾಡಿಬಿಟ್ಟಿದ್ದಾರೆ: ‘ಬೊಕೋ ಮಾಮೆ’, ಅಂದರೆ ನಿಧಾನದಮ್ಮ. ಪ್ರೀತಿಯಿಂದ ಇಟ್ಟ ಹೆಸರೇನೂ ಅಲ್ಲ.

ಇವತ್ತು ಮಾತ್ರ ಮಾಮೆ ಹೊರಗೆ ತೋರಿಸಿಕೊಂಡಷ್ಟು ಒಳಗೆ ತಣ್ಣಗಿಲ್ಲ. ಈ ಬೇವಿನ ಮರ, ಈ ನಲ್ಲಿ, ಈ ಸಿಮೆಂಟು ಕಟ್ಟೆ ಅವರ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದು ಇವತ್ತು ಸಂಜೆ ತೀರ್ಮಾನವಾಗುತ್ತದೆ. ಅದಕ್ಕೇ ನಾನೂ ಹಾಸಿಗೆ ಬಿಟ್ಟು ಇಷ್ಟು ಬೇಗ ಇಲ್ಲಿಗೆ ಬಂದಿರುವುದು.

ಈ ಪುರವಣಿಯಲ್ಲಿ ಎಲೆಮರೆಯ ಕಾಯಿಗಳನ್ನು ಹುಡುಕಿ ಬರೆಯುವುದು ನನ್ನ ಪಾಲಿನ ಕೆಲಸ. ಅಡ್ವೊವಾ ಫ್ರೆಮಾ ಕಾಯಿ ಹೌದು, ಆದರೆ ಅವರ ಬಾಯಿಗೆ ಮರೆಯಾಗುವಂಥ ಎಲೆ ಇನ್ನೂ ಚಿಗುರಿಲ್ಲ. ನನ್ನ ಕಾರಿಗೆ ಇರುವುದು ಸಾದಾ ಕಬ್ಬಿಣದ ಚಕ್ರ, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ, ಅದರಲ್ಲೂ ಒಂದು ಎಲ್ಲೋ ಬಿದ್ದುಹೋಗಿದೆ. ಈ ಊರಿಗೆ ಬಂದು ನೆಲೆಸಿದ ಮೇಲೆ, ವರ್ಷಗಳಿಂದ ನಾನು ಅದನ್ನು ಇಲ್ಲಿಗೇ ತರುತ್ತಿದ್ದೇನೆ. ಪ್ರತಿ ಸಲವೂ ಅವರು ಸೊಂಟದ ಮೇಲೆ ಕೈಯಿಟ್ಟು ಒಂದು ಸುತ್ತು ನೋಡುತ್ತಾರೆ. “ಪೇಪರಣ್ಣಾ, ಇದನ್ನ ತೊಳೀಬೇಕಾ, ಇಲ್ಲಾ ಇದಕ್ಕೊಂದ್ ಪ್ರಾರ್ಥನೆ ಮಾಡ್ಬೇಕಾ?”

ಫ್ರೆಮಾ ನಡೆಸುವುದು ನಮ್ಮೂರ ಕಡೆ ‘ವಾಟರ್ ಸರ್ವಿಸ್’ ಎನ್ನುತ್ತೇವಲ್ಲ, ಅಂಥದ್ದು. ಆದರೆ ಅವರ ಕಣ್ಣೆಲ್ಲ ಚಕ್ರದ ಮೇಲೆ. ಮೈ ಯಾರು ಬೇಕಾದರೂ ತೊಳೆಯಬಹುದು, ಕಾಲು ತೊಳೆಯಲು ಭಕ್ತಿ ಬೇಕು ಎನ್ನುತ್ತಾರೆ. ಈ ಜಾಗ ಮೆರವಣಿಗೆ ಕಾರುಗಳನ್ನು ಬಾಡಿಗೆಗೆ ಕೊಡುವವರ ಸಂಘದ್ದು. ಸಂಘದ ಗಾಡಿಗಳನ್ನು ಯಾರು ತೊಳೆಯುತ್ತಾರೋ ಜಾಗ ಅವರಿಗೆ. ಶನಿವಾರವೆಂದರೆ ಊರಿಗೆ ಊರೇ ಕಪ್ಪು ಕೆಂಪು ಉಟ್ಟು ಯಾರದಾದರೂ ಸಾವಿನ ಕಾರ್ಯಕ್ಕೆ ಹೊರಡುವ ದಿನ. ಸತ್ತವರ ಘನತೆಯನ್ನು ಜನ ಸಾಲಾಗಿ ಬಂದು ನಿಲ್ಲುವ ಕಾರುಗಳಲ್ಲೂ ಅಳೆಯುತ್ತಾರೆ. ಬಂದವರು ಮೊದಲು ನೋಡುವುದು ಕಾರಿನ ಬಾಗಿಲನ್ನಲ್ಲ, ಚಕ್ರವನ್ನು. ಹಾಗಾಗಿ ಶುಕ್ರವಾರ ಈ ಮರದ ಕೆಳಗೆ ಜಾತ್ರೆ.

ಫ್ರೆಮಾ ಹುಟ್ಟಿದ ಮನೆಯಲ್ಲಿ ಕಾರು ಇರಲಿಲ್ಲ, ಹಿತ್ತಾಳೆ ಇತ್ತು. ಅಜ್ಜಿ ಮದುವೆ ಹೆಣ್ಣುಗಳ ಹಿತ್ತಾಳೆ ಬೋಗುಣಿಗಳನ್ನು ಬೆಳಗಿ ಕೊಡುವುದರಲ್ಲಿ ಸುತ್ತಲ ಹಳ್ಳಿಗಳಿಗೆಲ್ಲ ಹೆಸರುವಾಸಿ. ನಮ್ಮ ಮನೆಗಳಲ್ಲಿ ಹುಣಸೆಹುಳಿ ಮಾಡುವ ಕೆಲಸವನ್ನು ಆ ಅಜ್ಜಿ ನಿಂಬೆಯಿಂದ ಮಾಡಿಸುತ್ತಿದ್ದಳು. ಹೋಳು ಮಾಡಿದ ನಿಂಬೆಯನ್ನು ಕೋಕೋ ಸಿಪ್ಪೆ ಸುಟ್ಟ ಬೂದಿಯಲ್ಲಿ ಅದ್ದಿ ಉಜ್ಜಿ, ರಾತ್ರಿಯಿಡೀ ಹಾಗೇ ಬಿಟ್ಟರೆ ಬೆಳಿಗ್ಗೆ ಬೋಗುಣಿಯಲ್ಲಿ ಮುಖ ನೋಡಿಕೊಳ್ಳಬಹುದು. ಫ್ರೆಮಾ ಊರು ಬಿಟ್ಟು ಕುಮಾಸಿಗೆ ಬಂದು ಗಾಡಿ ತೊಳೆಯಲು ನಿಂತಾಗ ತಲೆಯಲ್ಲಿದ್ದ ವಿದ್ಯೆ ಅದೊಂದೇ.

ಅವರ ಕೈಗೆ ಬಂದ ಮೊದಲ ಅಲಾಯ್ ಚಕ್ರದ ಕಾರು ಒಬ್ಬ ಮದುವೆ ಗಂಡಿನದು. ಹೊಳೆಯುವ ಲೋಹ ಕಂಡದ್ದೇ ತಡ, ಅಜ್ಜಿಯ ಮೊಮ್ಮಗಳು ಸಂಜೆಯೇ ನಿಂಬೆ, ಬೂದಿ ಎರಡನ್ನೂ ಮೆತ್ತಿ ಮಲಗಿಬಿಟ್ಟರು. ಹಿತ್ತಾಳೆ ಬೆಳಗುವ ಮನೆಯಲ್ಲಿ ಬೆಳೆದವರಷ್ಟೇ ಮಾಡಬಹುದಾದ ತಪ್ಪು ಅದು. ಬೆಳಿಗ್ಗೆ ನೀರು ಹೊಯ್ದು ನೋಡಿದರೆ ಚಕ್ರಗಳು ಬೂದುಗಟ್ಟಿ, ಅಲ್ಲಲ್ಲಿ ಕಪ್ಪು ಮಚ್ಚೆ ಎದ್ದು, ತೊನ್ನು ಹತ್ತಿದ ಹಾಗೆ ಕಾಣುತ್ತಿದ್ದವು.

“ಅವ್ನು ಬೈದಿದ್ರೆ ಚೆನ್ನಾಗಿತ್ತು,” ಎನ್ನುತ್ತಾರೆ ಫ್ರೆಮಾ. “ಬೈಲಿಲ್ಲ. ಕೋಟು ಹಾಕ್ಕೊಂಡ್ ಬಂದಿದ್ದ. ಚಕ್ರದ ಮುಂದೆ ಕೂತು ಅಳ್ತಾ ಇದ್ದ. ಮದುವೆ ದಿನ ಗಂಡು ಅಳೋದನ್ನ ಎಲ್ಲಾದ್ರೂ ನೋಡಿದೀರಾ ಪೇಪರಣ್ಣಾ? ಅಳೋದೆಲ್ಲ ಮದುವೆ ಆದ್ಮೇಲೆ ತಾನೇ.” ನಗಿಸುತ್ತಲೇ ಹೇಳುತ್ತಾರೆ, ಆದರೆ ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಹಾಳಾದ ಆ ಚಕ್ರಗಳನ್ನು ಯಾರಿಂದಲೂ ಸರಿಮಾಡಲಾಗಲಿಲ್ಲ. ಕೊನೆಗೆ ಅವು ಗುಜರಿ ಸೇರಿ, ಅಲ್ಲಿಂದ ಎರಕದವರ ಕುಲುಮೆಗೆ ಹೋದವು. ಫ್ರೆಮಾ ಹಿಂದೆಯೇ ಹೋಗಿ ನೋಡಿದರು. ಎರಕದವರು ಚಕ್ರ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ದರು, ಹೊರಗೆ ಬಂದದ್ದು ಸಾರು ಕುದಿಸುವ ಅಲ್ಯೂಮಿನಿಯಂ ಪಾತ್ರೆ. ಇದೇ ಊರಿನ ಪ್ರತಿ ಅಡುಗೆಮನೆಯಲ್ಲೂ ಇರುವಂಥದ್ದು. ಅಲ್ಲೇ ಅವರ ತಲೆಯೊಳಗೆ ದೀಪ ಹತ್ತಿತು. ಅಂಥ ಪಾತ್ರೆಯಲ್ಲಿ ಹುಳಿ ಸಾರು ರಾತ್ರಿಯಿಡೀ ಬಿಟ್ಟರೆ ಇದೇ ಅಜ್ಜಿ ಸೌಟು ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಳು, ಪಾತ್ರೆ ಕಪ್ಪಾಗುತ್ತದೆ, ತೂತು ಬೀಳುತ್ತದೆ ಎಂದು. ಒಂದೇ ಅಡುಗೆಮನೆಯಲ್ಲಿ ಎರಡೂ ಪಾಠ ಇತ್ತು. ಫ್ರೆಮಾ ತಪ್ಪಾದದ್ದನ್ನು ನೆನಪಿಟ್ಟುಕೊಂಡಿದ್ದರು.

“ಚಕ್ರ ಹಿತ್ತಾಳೆ ಕಡೆ ನೆಂಟ ಅಲ್ಲ, ಪಾತ್ರೆ ಕಡೆ ನೆಂಟ. ನಾನು ಗಂಡಿನ ಕಡೆಯವ್ರಿಗೆ ಹೆಣ್ಣಿನ ಕಡೆಯವ್ರ ಊಟ ಬಡಿಸ್ಬಿಟ್ಟಿದ್ದೆ,” ಎನ್ನುತ್ತಾರೆ.

ಅಂದಿನಿಂದ ಬೇವಿನ ಕೊಂಬೆಯಲ್ಲಿ ತಂತಿಗೆ ಕಟ್ಟಿದ ಎರಡು ವಸ್ತುಗಳು ನೇತಾಡುತ್ತಿವೆ. ಒಂದು, ಒಡೆದ ಪಾತ್ರೆಯ ಮುಚ್ಚಳ. ಇನ್ನೊಂದು, ಮುರಿದ ಅಲಾಯ್ ಚಕ್ರದ ತುಂಡು, ಮೇಲಿನ ವಾರ್ನಿಷು ಇನ್ನೂ ಹಾಗೇ ಇರುವಂಥದ್ದು. ಕಾರ್ಖಾನೆಯಿಂದ ಬರುವಾಗಲೇ ಚಕ್ರದ ಮೇಲೆ ತೆಳ್ಳಗೆ ವಾರ್ನಿಷಿನ ಒಂದು ಪದರ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹೊಳಪೆಲ್ಲ ಅದರದೇ. ಅದು ಇರುವತನಕ ಒಳಗಿನ ಲೋಹಕ್ಕೆ ಭಯವಿಲ್ಲ. ಹೊಸ ಸೋಪಿನ ದ್ರವ ಯಾವುದೇ ಬರಲಿ, ಈ ಎರಡರ ಮೇಲೆ ಸುರಿದು, ಒದ್ದೆ ಬಟ್ಟೆ ಮುಚ್ಚಿ, ಅರ್ಧ ದಿನ ಬಿಟ್ಟು ನೋಡುವುದು ಅವರ ಪದ್ಧತಿ. ನೊರೆಗುಟ್ಟಿದರೆ, ಕಪ್ಪಾದರೆ, ಮಬ್ಬಾದರೆ, ತಂದವನಿಗೆ ಬಂದ ದಾರಿಗೆ ಸುಂಕವಿಲ್ಲ.

ಹಿಂದೊಮ್ಮೆ ಒಬ್ಬ ಮಾರಾಟದವನು ಬಣ್ಣದ ಬಾಟಲಿಗಳ ಚೀಲ ಹೊತ್ತು ಬಂದಿದ್ದಾಗ ನಾನು ಅಲ್ಲೇ ಇದ್ದೆ. “ನೋಡಿ ಮಾಮೆ, ಅಲಾಯ್‌ಗೆ ಸುರಕ್ಷಿತ ಅಂತ ಇಲ್ಲೇ ಬರ್ದಿದೆ!” ಎಂದ.

“ನಂಗೂ ಓದಕ್ ಬರುತ್ತೆ ಕಣಪ್ಪಾ. ನನ್ ಮೊದಲ್ನೇ ಗಂಡನ ಮುಖದ ಮೇಲೂ ‘ಒಳ್ಳೆಯವನು’ ಅಂತಾನೇ ಬರ್ದಿತ್ತು. ಮುಚ್ಚಳದ ಮೇಲೆ ಸುರಿ, ನೋಡೋಣ.” ಸುರಿದ. ಗಂಜಿ ಕುಡಿದು ಮುಗಿಸುವಷ್ಟರಲ್ಲಿ ಮುಚ್ಚಳ ಬುಸುಗುಟ್ಟತೊಡಗಿತ್ತು. ಅವನು ಚೀಲ ಎತ್ತಿಕೊಂಡು ಯಾವ ಕಡೆ ಹೋದನೋ ಗೊತ್ತಾಗಲಿಲ್ಲ.

ಕೊನೆಗೆ ಅವರು ಆಯ್ದುಕೊಂಡಿರುವುದು ಯಾವ ಗುಟ್ಟಿನ ಔಷಧಿಯೂ ಅಲ್ಲ. ಹುಳಿಯೂ ಅಲ್ಲದ, ಖಾರವಾದ ಕ್ಷಾರವೂ ಅಲ್ಲದ ಸೌಮ್ಯವಾದ ಗಾಡಿ ಶಾಂಪೂ. ಅದನ್ನು ಬಕೆಟ್ ನೀರಿಗೆ ಇಷ್ಟೇ ಇಷ್ಟು ಬೆರೆಸುತ್ತಾರೆ. ಹಳೆಯ ಬನಿಯನ್ ಬಟ್ಟೆ, ಮೆತ್ತನೆ ಕುಂಚ. ಗಟ್ಟಿಯಾಗಿ ಕೂತ ಬ್ರೇಕಿನ ಕರಿಪುಡಿಗೆ ಒದ್ದೆ ಬಟ್ಟೆಯ ಪಟ್ಟಿ ಸುತ್ತಿ ನೆನೆಯಲು ಬಿಡುತ್ತಾರೆ, ಕೆರೆದು ತೆಗೆಯುವುದಿಲ್ಲ. ಒಂದೇ ವಾರದಲ್ಲಿ ಹೋಗದಿದ್ದರೆ ಮುಂದಿನ ವಾರ ಹೋಗುತ್ತದೆ. ತೊಳೆದ ಮೇಲೆ ಸಂದುಸಂದಿನಲ್ಲೂ ಒರೆಸಿ ಒಣಗಿಸದೆ ಕೀಲಿ ಕೊಡುವುದಿಲ್ಲ. ನಿಧಾನವೇ ಪ್ರಧಾನ ಎಂದು ನಾವು ಗೋಡೆಗೆ ಬರೆದು ಸುಮ್ಮನಾಗುತ್ತೇವೆ, ಈ ಹೆಂಗಸು ಅದನ್ನೇ ಮಾಡುತ್ತಾರೆ. ಅದರಿಂದಲೇ ಈಗ ಅವರ ಜಾಗಕ್ಕೆ ಕುತ್ತು ಬಂದಿದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಎದುರು ಬದಿಗೆ ಆಂಪೊಂಸಾ ಬಂದ. ವಯಸ್ಸು ಚಿಕ್ಕದು, ಮಾತು ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಬೋರ್ಡಿನ ಮೇಲೆ ‘ಎರಡೇ ನಿಮಿಷ’ ಎಂದು ಬರೆಸಿದ. ಅವನ ಹತ್ತಿರ ಇದ್ದದ್ದು ನೀರು ಬೆರೆಸಿದ ಬ್ಯಾಟರಿ ಆಸಿಡ್. ಜನ ಅದಕ್ಕೆ ‘ಬೆಂಕಿ’ ಎಂದೇ ಹೆಸರಿಟ್ಟರು. ಚಕ್ರದ ಮೇಲೆ ಎರಚಿದರೆ ಬುಸ್ ಎನ್ನುತ್ತದೆ, ಕರಿಪುಡಿಯೆಲ್ಲ ಕೆಳಗೆ ಸುರಿಯುತ್ತದೆ, ನೀರು ಹೊಯ್ದರೆ ಚಕ್ರ ಫಳಫಳ. ಫ್ರೆಮಾ ಹತ್ತಿರ ಗಂಜಿ ಕುಡಿಯುತ್ತಾ ಕಾಯುವ ಹೊತ್ತಿನಲ್ಲಿ ಅಲ್ಲಿ ಸಾಲಿಗೆ ಸಾಲೇ ಮುಗಿದಿರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಆತುರಗಾರರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರೆ ಗತಿ ಏನು? ಡ್ರೈವರುಗಳು ಸಭೆ ಕರೆದರು. ಬೇವಿನ ಮರದ ಜಾಗವನ್ನು ಆಂಪೊಂಸಾಗೆ ಕೊಡಿ ಎಂದರು.

ಸಂಘದ ಅಧ್ಯಕ್ಷರು ಅಟಕೋರಾ. ಊರಿಗೆಲ್ಲ ‘ವೋಫಾ’, ಅಂದರೆ ಸೋದರಮಾವ. ಇಲ್ಲಿ ಸೋದರಮಾವನ ಮಾತೆಂದರೆ ತಂದೆಯ ಮಾತಿಗಿಂತ ಒಂದು ಕೈ ಮೇಲೆ. ಆ ಸಭೆಯಲ್ಲಿ ನಾನೂ ಇದ್ದೆ. ಅಷ್ಟು ವರ್ಷ ತಮ್ಮ ಚಕ್ರ ಒರೆಸಿದ ಹೆಂಗಸಿನ ಎದುರಲ್ಲೇ ಡ್ರೈವರುಗಳು ಅವಳ ಜಾಗ ಹಂಚಿಕೊಳ್ಳುತ್ತಿದ್ದುದು ಕಂಡು ನನಗೆ ಸಿಟ್ಟು ನೆತ್ತಿಗೇರಿತ್ತು. ಫ್ರೆಮಾ ಮಾತ್ರ ಎದ್ದು ನಿಂತು ಸೆರಗು ಬಿಗಿದುಕೊಂಡರು.

“ಮಾವಾ, ನಿಮ್ ಬಿಳಿ ಬೆಂಜ್ ಕೊಡಿ. ಎಡಗಡೆ ಚಕ್ರ ಎರಡೂ ಇವ್ನು ತೊಳೀಲಿ. ಬಲಗಡೆ ಎರಡು ನಾನು ತೊಳೀತೀನಿ. ನಾಲ್ಕು ಶುಕ್ರವಾರ. ಆಮೇಲೆ ನೀವೇ ಕೂತು ನೋಡಿ. ಸೋತ್ರೆ ಬಕೆಟ್ ಎತ್ಕೊಂಡ್ ಹೋಗ್ತೀನಿ, ಒಂದ್ ಮಾತಾಡಲ್ಲ.”

“ನೀನು? ಒಂದ್ ಮಾತಾಡಲ್ವಾ?” ಎಂದರು ವೋಫಾ.

“ಒಂದೆರಡು ಆಡ್ತೀನಿ. ಆದ್ರೆ ಹೋಗ್ತೀನಿ.”

ಮೊದಲ ಶುಕ್ರವಾರ ಫ್ರೆಮಾಗೆ ಮುಖಭಂಗವೇ ಆಯಿತು. ಆಂಪೊಂಸಾನ ಎಡಗಡೆ ಚಕ್ರಗಳು ಅಂಗಡಿಯಿಂದ ಈಗಷ್ಟೇ ಇಳಿಸಿದ ಹಾಗೆ ಮಿಂಚಿದವು. ಬಲಗಡೆ ಚಕ್ರಗಳು ಶುಭ್ರವಾಗಿದ್ದವು ನಿಜ, ಆದರೆ ಮೂಲೆಗಳಲ್ಲಿ ಹಳೆಯ ಕರಿ ಹಾಗೇ ಉಳಿದಿತ್ತು. ಡ್ರೈವರುಗಳು ಕೇಕೆ ಹಾಕಿದರು. ಒಬ್ಬ ಬಕೆಟ್ಟನ್ನು ತಲೆಯ ಮೇಲಿಟ್ಟುಕೊಂಡು, ಸೊಂಟ ತಿರುಗಿಸುತ್ತಾ ‘ಬೊಕೋ ಮಾಮೆ ಊರಿಗೆ ಹೋದಳು’ ಎಂದು ಕುಣಿದೇ ಬಿಟ್ಟ. ಇನ್ನೊಬ್ಬ ಫ್ರೆಮಾ ಪರ ಇದ್ದವನು, ಮೆಲ್ಲಗೆ ಒಂದು ಸೀಸೆ ಅವರ ಕೈಗೆ ತುರುಕಲು ನೋಡಿದ. “ಮಾಮೆ, ಮೂಲೆಗೆ ಮಾತ್ರ ಎರಡು ತೊಟ್ಟು ಬೆಂಕಿ ಹಾಕಿ. ಯಾರಿಗೆ ಗೊತ್ತಾಗುತ್ತೆ?”

“ಚಕ್ರಕ್ಕೆ ಗೊತ್ತಾಗುತ್ತೆ,” ಎಂದು ಸೀಸೆ ವಾಪಸು ಕೊಟ್ಟರು. ಕುಣಿಯುತ್ತಿದ್ದವನ ಕಡೆ ತಿರುಗಿ, “ಬೆಳ್ಳಗಿರೋದೆಲ್ಲ ಹಾಲಲ್ಲ ಕಣೋ. ಕುಣಿ, ಚೆನ್ನಾಗಿ ಕುಣಿ. ನಾಲ್ಕನೇ ವಾರ ನಿನ್ ಕೈಲೇ ತಮಟೆ ಹೊಡೆಸ್ತೀನಿ,” ಎಂದರು. ಅಂದು ಸಂಜೆ ನಾನು ಮನೆಗೆ ಹೋಗುವಾಗ ಅವರು ಸಿಮೆಂಟು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನನ್ನ ಕಾರನ್ನು ಅಣಕಿಸಲೂ ಇಲ್ಲ.

ಎರಡನೆಯ ವಾರ ಎರಡು ಕಡೆಯೂ ಸಮ ಎನ್ನಿಸಿತು, ಏಕೆಂದರೆ ನೆನೆದ ಪಟ್ಟಿಗೆ ಬಲಗಡೆಯ ಕರಿ ಒಂದಿಷ್ಟು ಬಿಟ್ಟಿತ್ತು. ಮೂರನೆಯ ವಾರ ಎಡಗಡೆ ಚಕ್ರಗಳಲ್ಲಿ ಹೊಳಪಿಗೆ ತೆಳ್ಳನೆ ಮಂಜು ಕವಿದ ಹಾಗಿತ್ತು. ಬೋಲ್ಟುಗಳ ತಲೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಆಂಪೊಂಸಾ ಅದನ್ನು ಕಂಡವನೇ ಬೆಂಕಿಯನ್ನು ಇನ್ನಷ್ಟು ಗಟ್ಟಿ ಮಾಡಿ, ಸ್ಟೀಲ್ ಜುಂಗಿನಿಂದ ತಿಕ್ಕಿದ. ಮತ್ತೆ ಮಿಂಚಿತು. ಜನ ಮತ್ತೆ ಚಪ್ಪಾಳೆ ತಟ್ಟಿದರು. ಅಂದೇ ರಾತ್ರಿ ವೋಫಾ ದೂರದ ಊರಿನ ಒಂದು ದೊಡ್ಡ ಸಾವಿಗೆ ಬೆಂಜ್ ತೆಗೆದುಕೊಂಡು ಹೋದರು. ವಾರವಿಡೀ ಮಳೆ ಸುರಿಯಿತು. ಕಾರು ಹೇಗಿದೆ ಎಂದು ಇವತ್ತಿನವರೆಗೆ ಯಾರೂ ನೋಡಿಲ್ಲ.

ಇವತ್ತು ಮಧ್ಯಾಹ್ನ ಬೆಂಜ್ ಬರುತ್ತದೆ. ಹಾರನ್ ಕೇಳಿದ್ದೇ ಸುತ್ತಲಿನ ಗ್ಯಾರೇಜುಗಳಿಂದ ಜನ ಕೈ ಒರೆಸಿಕೊಳ್ಳುತ್ತಾ ಬಂದು ಸೇರುತ್ತಾರೆ. ಆದರೆ ನೋಡಲು ಏನೂ ಇಲ್ಲ. ನಾಲ್ಕೂ ಚಕ್ರ ಕೆಮ್ಮಣ್ಣಿನಲ್ಲಿ ಮುಳುಗಿ, ಎಡ ಯಾವುದು ಬಲ ಯಾವುದು ಎಂಬಂತಿವೆ. ಕೊನೆಯ ತೊಳೆತ ಆಗಲಿ, ಆಮೇಲೆ ನೋಡೋಣ ಎನ್ನುತ್ತಾರೆ ವೋಫಾ. ಚಕ್ರ ಬಿಸಿ ಇದೆ, ಆರಲಿ ಎನ್ನುತ್ತಾರೆ ಫ್ರೆಮಾ. ಯಾರೋ “ಅಯ್ಯೋ, ಮತ್ತೆ ಶುರುವಾಯ್ತು!” ಎಂದು ಕೂಗುತ್ತಾರೆ. ಗಂಜಿಯಾಕೆಗೆ ಇಂಥ ವ್ಯಾಪಾರ ಎಂದೂ ಆಗಿರಲಿಕ್ಕಿಲ್ಲ.

ಆಂಪೊಂಸಾ ಕಾಯುವುದಿಲ್ಲ. ಮಣ್ಣಿಗೆ ನೀರು ಹೊಡೆದು, ಬಿಸಿ ಚಕ್ರಕ್ಕೇ ಬೆಂಕಿ ಎರಚುತ್ತಾನೆ. ಘಾಟು ಎಲ್ಲರ ಮೂಗಿಗೆ ಹತ್ತುತ್ತದೆ. ಅವನು ಜುಂಗು ಹಿಡಿದು ತಿಕ್ಕಲು ಶುರುಮಾಡುತ್ತಾನೆ. ತಿಕ್ಕುತ್ತಾನೆ, ನೀರು ಹೊಯ್ಯುತ್ತಾನೆ, ಮತ್ತೆ ತಿಕ್ಕುತ್ತಾನೆ. ಅವನ ಎರಡು ನಿಮಿಷ ಮುಗಿದು ಎಷ್ಟೋ ಹೊತ್ತಾಗಿದೆ. ಅವನ ನಗು ಸಣ್ಣದಾಗುತ್ತಾ ಹೋಗಿ, ಒಂದು ಹೊತ್ತಿನಲ್ಲಿ ಪೂರಾ ಆರಿಹೋಗುತ್ತದೆ. ಇತ್ತ ಫ್ರೆಮಾ ಈಗಷ್ಟೇ ಬಕೆಟ್ಟಿಗೆ ಕೈ ಹಾಕುತ್ತಿದ್ದಾರೆ. ಮೊದಲು ಬರೀ ನೀರಿನಿಂದ ಮಣ್ಣು ಕರಗಿಸುತ್ತಾರೆ, ಮರಳಿನ ಕಣ ಚಕ್ರವನ್ನು ಗೀರಬಾರದು ಎಂದು. ಆಮೇಲೆ ಬನಿಯನ್ ಬಟ್ಟೆ. ಬೆರಳ ತುದಿ ಒಂದೊಂದು ಕಡ್ಡಿಯ ಸಂದಿಗೂ ಇಳಿಯುತ್ತದೆ. ತುಟಿಯಲ್ಲಿ ಏನೋ ಚರ್ಚಿನ ಹಾಡು. ಹಾಡು ಸ್ವಲ್ಪ ನಡುಗುತ್ತಿದೆ, ಅಷ್ಟು ಹತ್ತಿರ ಇದ್ದವರಿಗೆ ಮಾತ್ರ ಕೇಳುವಷ್ಟು.

ಒರೆಸಿ ಮುಗಿಸಿ ಅವರು ಹಿಂದೆ ಸರಿಯುತ್ತಾರೆ. ವೋಫಾ ಕೈಯಲ್ಲಿ ಕೋಲು ಹಿಡಿದು ಮೊದಲು ಎಡಗಡೆಗೆ ಹೋಗುತ್ತಾರೆ. ಬಗ್ಗುತ್ತಾರೆ. ಸಾಲದೆಂದು ಮಂಡಿಯೂರುತ್ತಾರೆ, ಬಿಳಿ ಬಟ್ಟೆಗೆ ಕೆಸರಾದರೂ ಗಮನವಿಲ್ಲ. ಚಕ್ರದ ವಾರ್ನಿಷು ಅಂಚುಗಳಲ್ಲಿ ಎದ್ದು ನಿಂತಿದೆ. ಉಗುರು ತಾಗಿಸಿದರೆ ಹಾವಿನ ಪೊರೆಯಂತೆ ಸುಲಿದು ಬರುತ್ತದೆ. ಅದರಡಿ ಬಿಳಿ ಬಿಳಿ ಗೆರೆಗಳು ಗೆದ್ದಲಿನ ದಾರಿಯ ಹಾಗೆ ಹರಿದಿವೆ. ಬೋಲ್ಟು ಒಂದನ್ನು ಮುಟ್ಟಿದರೆ ಬೆರಳಿಗೆ ತುಕ್ಕು. ಅವರು ಎದ್ದು, ಕಾರಿಗೆ ಸುತ್ತು ಹಾಕಿ ಬಲಗಡೆಗೆ ಬರುತ್ತಾರೆ. ಎಲ್ಲರೂ ಅವರ ಹಿಂದೆಯೇ ಬರುತ್ತಾರೆ.

ಬಲಗಡೆಯ ಚಕ್ರದಲ್ಲಿ ವೋಫಾರ ಮುಖ ಕಾಣುತ್ತಿದೆ. ಮೂಲೆಗಳ ಕರಿಯೂ ಈ ನಾಲ್ಕು ವಾರಗಳಲ್ಲಿ ನೆನೆನೆನೆದು ಬಿಟ್ಟುಹೋಗಿದೆ. ಮುದುಕರು ಚಕ್ರದಲ್ಲಿ ತಮ್ಮ ಗಡ್ಡ ನೋಡಿಕೊಂಡು, ಅದನ್ನು ಸರಿಮಾಡಿಕೊಳ್ಳುತ್ತಾರೆ. ಅಷ್ಟು ಸಾಕಾಗುತ್ತದೆ. ಮೆಕ್ಯಾನಿಕ್ಕುಗಳ ಕಡೆಯಿಂದ ಮೊದಲ ಕೇಕೆ ಏಳುತ್ತದೆ, ಆಮೇಲೆ ಯಾರು ಯಾವ ಕಡೆಯವರು ಎಂದು ತಿಳಿಯದಷ್ಟು ಗದ್ದಲ.

“ಜಾಗ ಫ್ರೆಮಾದು,” ಎನ್ನುತ್ತಾರೆ ವೋಫಾ, ಕೋಲು ನೆಲಕ್ಕೆ ಕುಟ್ಟಿ. “ನಾನಿರೋ ತನಕ ಯಾರೂ ಮತ್ತೆ ಈ ಮಾತು ಎತ್ಕೂಡ್ದು. ಎತ್ತೋರು ಮೊದ್ಲು ನನ್ನ ಎಡಗಡೆ ಚಕ್ರ ಎರಡು ತಂದ್ಕೊಡಿ.”

ಇದರ ನಡುವೆ ಒಂದು ತಮಾಷೆ ನಡೆಯುತ್ತದೆ. ಡ್ರೈವರುಗಳು ಒಬ್ಬೊಬ್ಬರಾಗಿ ಗುಂಪಿನಿಂದ ಜಾರಿಕೊಳ್ಳುತ್ತಿದ್ದಾರೆ. ನೋಡಿದರೆ ಎಲ್ಲರೂ ತಂತಮ್ಮ ಕಾರಿನ ಪಕ್ಕ ಕುಕ್ಕರಿಸಿ, ಚಕ್ರಕ್ಕೆ ಉಗುರು ಹಾಕಿ ಕೆರೆದು ನೋಡುತ್ತಿದ್ದಾರೆ. ಈ ತಿಂಗಳಲ್ಲಿ ಯಾರ್‍ಯಾರು ಕದ್ದು ಎದುರು ಬದಿಗೆ ಹೋಗಿದ್ದರು ಎಂಬುದು ಯಾರೂ ಕೇಳದೆಯೇ ಬಯಲಾಗಿಬಿಡುತ್ತದೆ. ಫ್ರೆಮಾ ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತಾರೆ, ಆಮೇಲೆ ನಿಜವಾಗಿಯೇ ಅಳುತ್ತಾರೆ, ಅಳುತ್ತಲೇ ಕುಣಿಯುತ್ತಾರೆ. ಮೊದಲ ವಾರ ಕುಣಿದ ಆ ಡ್ರೈವರನ ಕೈಗೆ ತಗಡಿನ ಡಬ್ಬ ಕೊಟ್ಟು, “ಹೊಡಿಯೋ!” ಎನ್ನುತ್ತಾರೆ. ಪಾಪ, ಹೊಡೆಯುತ್ತಾನೆ. ನನಗೂ ಕೈಕಾಲು ಸುಮ್ಮನಿರುವುದಿಲ್ಲ. ಪತ್ರಕರ್ತ ಯಾವ ಪಕ್ಷವನ್ನೂ ವಹಿಸಬಾರದೆಂದು ನಮ್ಮ ಸಂಪಾದಕರು ಹೇಳುತ್ತಿರುತ್ತಾರೆ, ಅವರು ಅಲ್ಲಿರಲಿಲ್ಲ.

ಗದ್ದಲ ಇಳಿದ ಮೇಲೆ ಆಂಪೊಂಸಾ ತನ್ನ ಬೋರ್ಡಿನ ಕೆಳಗೆ ಒಬ್ಬನೇ ಕೂತಿರುವುದು ಕಾಣುತ್ತದೆ. ಫ್ರೆಮಾ ಅವನ ಹತ್ತಿರ ಹೋಗಿ ಕೈ ಹಿಡಿದು ನೋಡುತ್ತಾರೆ. ಬೆರಳ ತುದಿಗಳೆಲ್ಲ ಬಿಳಿಚಿ, ಸಿಪ್ಪೆ ಎದ್ದಿವೆ.

“ಚಕ್ರ ಹೊಸದು ಸಿಗುತ್ತೆ ಕಣೋ ತಮ್ಮಾ. ಬೆರಳು ಯಾವ ಅಂಗಡೀಲಿ ಸಿಗುತ್ತೆ?” ಎಂದು ಬೈಯುತ್ತಾ, ಶುದ್ಧ ನೀರಿನಲ್ಲಿ ತೊಳೆಸಿ, ತಮ್ಮ ಡಬ್ಬಿಯ ಶಿಯಾ ಬೀಜದ ಬೆಣ್ಣೆ ಹಚ್ಚುತ್ತಾರೆ.

ಅವನು ತಲೆ ಬಗ್ಗಿಸಿಕೊಂಡೇ ಕೇಳುತ್ತಾನೆ. “ಅಕ್ಕಾ, ಇಷ್ಟು ಗಾಡಿ ನೀವೊಬ್ರೇ ಹೆಂಗೆ ತೊಳೀತೀರಿ? ಕಾಯೋಕೆ ಆಗ್ದೆ ತಾನೇ ಅವ್ರೆಲ್ಲ ನನ್ ಹತ್ರ ಬಂದಿದ್ದು. ಮೈ ನಾನು ತೊಳೀತೀನಿ. ಕಾಲು ನೀವು ತೊಳೀರಿ.”

ಫ್ರೆಮಾ ಅವನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಮಾತು ನಿಜ ಎಂಬುದು ಅವರಿಗೆ ನಾಟಿದೆ, ಆದರೆ ಅಷ್ಟು ಬೇಗ ಒಪ್ಪಿಕೊಂಡರೆ ಅವರು ಫ್ರೆಮಾ ಹೇಗಾದಾರು? “ಮೊದ್ಲು ಆ ಬೆಂಕಿ ಕ್ಯಾನು ತಗೊಂಡ್ ಹೋಗಿ ಬ್ಯಾಟರಿ ಅಂಗಡಿಯವ್ನಿಗೆ ವಾಪಸ್ ಕೊಡು. ಮೋರಿಗೆ ಸುರಿದ್ರೆ ನೋಡು ಮತ್ತೆ, ಕೋಳಿಗಳು ಓಡಾಡ್ತಾವೆ. ಆಮೇಲೆ ಬಾ, ಮಾತಾಡೋಣ.” ಅವನು ಕ್ಯಾನು ಎತ್ತಿಕೊಂಡು ಹೊರಡುತ್ತಾನೆ. ಅರ್ಧ ದಾರಿಯಲ್ಲಿ ಅವನ ನಗು ಮರಳಿ ಬಂದಿರುವುದು ಹಿಂದಿನಿಂದ ನೋಡಿದರೂ ಗೊತ್ತಾಗುತ್ತದೆ.

ಮರುದಿನ ಶನಿವಾರ, ಊರಿನ ಹಿರಿಯರೊಬ್ಬರ ಸಾವಿನ ಕಾರ್ಯ. ಮೈದಾನದ ತುಂಬ ಶಾಮಿಯಾನ, ಬಾಡಿಗೆ ಕುರ್ಚಿ, ನಗಾರಿ. ಸಂಘದ ಕಾರುಗಳು ಸಾಲಾಗಿ ಬಂದು ನಿಲ್ಲುತ್ತಿವೆ. ವೋಫಾರ ಬಿಳಿ ಬೆಂಜ್ ಮೊದಲು ಎಲ್ಲರಂತೆಯೇ ಒಳಗೆ ಬಂದು, ಎಡಮಗ್ಗುಲು ಜನರ ಕಡೆಗಿರುವಂತೆ ನಿಲ್ಲುತ್ತದೆ. ಒಂದು ಕ್ಷಣ ಹಾಗೇ ಇದ್ದು, ಆಮೇಲೆ ಮತ್ತೆ ಸ್ಟಾರ್ಟ್ ಆಗುತ್ತದೆ. ಮುದುಕರು ಇಡೀ ಮೈದಾನಕ್ಕೆ ಒಂದು ಸುತ್ತು ಹಾಕಿ, ತಿರುಗಿಸಿ, ಬಲಮಗ್ಗುಲು ಜನರಿಗೆ ಕಾಣುವ ಹಾಗೆ ತಂದು ನಿಲ್ಲಿಸುತ್ತಾರೆ. ಸಾಲಿನಲ್ಲಿ ಅದೊಂದೇ ಕಾರು ತಿರುಗಿ ನಿಂತಿದೆ. ಬಂದವರ ಕಣ್ಣೆಲ್ಲ ಅದರ ಚಕ್ರಗಳ ಮೇಲೆ. ಯಾರು ತೊಳೆದದ್ದು ಎಂದು ಕೇಳುತ್ತಿದ್ದಾರೆ. ಕೇಳಿದವರಿಗೆಲ್ಲ ಡ್ರೈವರುಗಳು ಒಬ್ಬರನ್ನೊಬ್ಬರು ಮೀರಿಸಿ ಶಾಮಿಯಾನದ ಕಡೆ ಕೈ ತೋರಿಸುತ್ತಿದ್ದಾರೆ.

ಅಲ್ಲಿ ಎರಡನೆಯ ಸಾಲಿನಲ್ಲಿ ಕಪ್ಪು ಬಟ್ಟೆ ಉಟ್ಟು, ಕೆಂಪು ತಲೆವಸ್ತ್ರ ಕಟ್ಟಿ ಮಾಮೆ ಫ್ರೆಮಾ ಕೂತಿದ್ದಾರೆ. ಬೆನ್ನು ನೆಟ್ಟಗಿದೆ. ಜನ ತಿರುಗಿ ನೋಡಿದರೆ ಕಾಣದವರಂತೆ ನಗಾರಿಯ ಕಡೆ ಮುಖ ಮಾಡುತ್ತಾರೆ, ನೋಡದಿದ್ದರೆ ತಾವೇ ಕೆಮ್ಮುತ್ತಾರೆ. ನಾನು ಪಕ್ಕದ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಜಾಗ ಉಳಿಯಿತು, ಹೆಸರು ಉಳಿಯಿತು, ಇನ್ನೇನು ಆಸೆ ಇದೆ ಎಂದು ಕೇಳುತ್ತೇನೆ. ಅವರು ಕಾರುಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ, ಒಂದೊಂದೇ ಚಕ್ರ ಮುಟ್ಟುವ ಹಾಗೆ, ನೋಡುತ್ತಾರೆ.

“ಒಂದೇ ಆಸೆ ಪೇಪರಣ್ಣಾ. ನನ್ ಸಾವಿಗೆ ಬರೋ ಗಾಡಿಗಳ ಚಕ್ರ ಎಲ್ಲಾ ನಾನೇ ತೊಳೆದಿಟ್ಟು ಆಮೇಲೆ ಸಾಯ್ಬೇಕು. ಬೇರೆಯವ್ರನ್ನ ನಂಬಕ್ಕಾಗಲ್ಲ.”

“ಹಂಗಾದ್ರೆ ನೀವು ಸಾಯೋದು ತುಂಬಾ ತಡ ಆಗುತ್ತಲ್ಲ ಮಾಮೆ?”

“ಆಗ್ಲಿ ಬಿಡಿ,” ಎನ್ನುತ್ತಾರೆ ಫ್ರೆಮಾ, ತಲೆವಸ್ತ್ರ ಸರಿಮಾಡಿಕೊಳ್ಳುತ್ತಾ. “ಅವಸರ ಇರೋರು ಮುಂದೆ ಹೋಗ್ಲಿ.”